ಪುಣೆಯಿಂದ ಬೆಂಗಳೂರಿಗೆ: ಒಂದೂವರೆ ಗಂಟೆಯ ಚರಿತ್ರೆ

ಪುಣೆಯಿಂದ ಬೆಂಗಳೂರು ಎಷ್ಟು ದೂರ? ಇಲ್ಲಿರುವ ಕನ್ನಡಿಗರನ್ನು ಕೇಳಿ ನೋಡಿ, ಕಿಲೋಮೀಟರಿನಲ್ಲಿ ಉತ್ತರ ಹೇಳುವವರು ಕಡಿಮೆ. ವಿಮಾನದಲ್ಲಿ ಓಡಾಡುವವರು ‘ಒಂದೂವರೆ ಗಂಟೆ’ ಎನ್ನುತ್ತಾರೆ. ವಾಕಡ್‌ನಲ್ಲಿ ಸ್ಲೀಪರ್ ಬಸ್ ಹತ್ತುವವರು ‘ಒಂದು ರಾತ್ರಿ’ ಎನ್ನುತ್ತಾರೆ. ರೈಲಿನವರು ‘ಒಂದು ದಿನಕ್ಕೆ ಸ್ವಲ್ಪ ಕಡಿಮೆ’ ಎನ್ನುತ್ತಾರೆ. ಅಳತೆಯ ಲೆಕ್ಕಕ್ಕೆ ಬಂದರೂ ಉತ್ತರ ಒಂದಲ್ಲ. ಲೋಹೆಗಾಂವ್ ವಿಮಾನ ನಿಲ್ದಾಣದಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 720 ಕಿ.ಮೀ. ಹೆದ್ದಾರಿಯಲ್ಲಿ ಹೋದರೆ ಸುಮಾರು 840. ಮಿರಜ್–ಹುಬ್ಬಳ್ಳಿ ಮೇಲಿನ ರೈಲು ಹಾದಿ ಹಿಡಿದರೆ ಸಾವಿರಕ್ಕೆ ತುಸು ಹೆಚ್ಚು.

ಕೆಲಸದ ನಿಮಿತ್ತ ಈ ಎರಡು ಊರುಗಳ ನಡುವೆ ವರ್ಷಗಟ್ಟಲೆ ಓಡಾಡಿದ ಮೇಲೆ, ಒಂದು ಭಾನುವಾರ ಭೂಪಟದ ಮೇಲೆ ಆ ನೇರ ಗೆರೆಯನ್ನು ಎಳೆದು, ಅದರ ಕೆಳಗೆ ಯಾವ ಯಾವ ಊರು ಬರುತ್ತವೆ ಎಂದು ನೋಡಿದೆ. ಫಲಟಣದ ಹತ್ತಿರ ಹಾದು, ಅಥಣಿ, ಜಮಖಂಡಿಗಳನ್ನು ಬಲಕ್ಕೆ ಬಿಟ್ಟು, ಕೃಷ್ಣೆ ದಾಟಿ, ಬಾದಾಮಿಗೂ ಪಟ್ಟದಕಲ್ಲಿಗೂ ನಡುವೆ ನುಸುಳಿ, ಯಲಬುರ್ಗಾದ ಮೇಲೆ, ಕೊಪ್ಪಳದ ಪಕ್ಕದಲ್ಲಿ, ಮೊಳಕಾಲ್ಮೂರು, ಮಧುಗಿರಿಗಳ ಸಮೀಪದಿಂದ ಗೆರೆ ದೇವನಹಳ್ಳಿ ಮುಟ್ಟುತ್ತದೆ. ನಿಜವಾದ ವಿಮಾನ ಇದೇ ಗೆರೆಯ ಮೇಲೆ ಹಾರಬೇಕೆಂದಿಲ್ಲ, ಏರ್ ಟ್ರಾಫಿಕ್ ಕಂಟ್ರೋಲ್ ಹೇಳಿದ ದಾರಿಯಲ್ಲಿ ಆಚೀಚೆ ಹೋಗುತ್ತದೆ. ಆದರೆ ಎರಡು ಊರುಗಳ ನಡುವಿನ ಅತಿ ಚಿಕ್ಕ ದಾರಿ ಇದೇ. ನನ್ನ ಊರು ಯಲಬುರ್ಗಾ ತಾಲ್ಲೂಕಿನದು. ಅಂದರೆ ಇಷ್ಟು ವರ್ಷ ನಾನು ನಮ್ಮ ಹೊಲದ ಮೇಲೆಯೇ ಹಾರಿಕೊಂಡು ಬೆಂಗಳೂರಿಗೆ ಹೋಗಿ ಬರುತ್ತಿದ್ದೇನೆ. ಆದರೆ ನಮ್ಮೂರಿಗೆ ಹೋಗಬೇಕೆಂದರೆ ಈ ವಿಮಾನದಿಂದ ನನಗೆ ಮೂರು ಕಾಸಿನ ಉಪಯೋಗವಿಲ್ಲ.

ಈ ಲೇಖನ ಅಲ್ಲಿಂದ ಹುಟ್ಟಿದ್ದು. ಎರಡು ದೂರದ ನಗರಗಳು ಹತ್ತಿರವಾಗುತ್ತ ಬಂದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೇಗದ ಚರಿತ್ರೆಯಾಗಿ ಹೇಳುತ್ತೇವೆ. ಅದರ ಜೊತೆಗೇ ಇನ್ನೊಂದು ಚರಿತ್ರೆಯೂ ನಡೆದಿದೆ. ಅದು ನಡುವೆ ಎಲ್ಲಿ ನಿಲ್ಲಬೇಕಾಗಿತ್ತು, ಆಮೇಲೆ ಎಲ್ಲಿ ನಿಲ್ಲುವುದು ಬೇಡವಾಯಿತು ಎಂಬುದರ ಚರಿತ್ರೆ.

ಒಂದೇ ಮನೆತನದ ಎರಡು ಊರು

ಪುಣೆ, ಬೆಂಗಳೂರುಗಳನ್ನು ಐಟಿ ಕಂಪನಿಗಳು ಜೋಡಿಸಿದವು ಎಂದು ನಮ್ಮ ಪೀಳಿಗೆ ಅಂದುಕೊಂಡಿದೆ. ಈ ನಂಟು ಬಹಳ ಹಳೆಯದು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ದೊರೆ ಇಮ್ಮಡಿ ಪುಲಕೇಶಿಯನ್ನು ಮೂರು ಮಹಾರಾಷ್ಟ್ರಕಗಳ ಒಡೆಯ ಎಂದು ಹೊಗಳಿದ್ದಾನೆ. ಪುಣೆಯ ಸುತ್ತಲಿನ ಸೀಮೆಯ ಹೆಸರು ಕಾಣಿಸುವ ಹಳೆಯ ದಾಖಲೆಗಳಲ್ಲಿ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ, ಎಂಟನೇ ಶತಮಾನದ ತಾಮ್ರಪಟಗಳು ಮುಖ್ಯವಾದವು. ಆ ಕಾಲದಲ್ಲಿ ಅಧಿಕಾರದ ಕೇಂದ್ರ ಇದ್ದದ್ದು ನನ್ನ ಗೆರೆಯ ನಡುಭಾಗದಲ್ಲಿ. ಬಾದಾಮಿ ರಾಜಧಾನಿ. ಪಟ್ಟದಕಲ್ಲು ಪಟ್ಟಾಭಿಷೇಕದ ಸ್ಥಳ. ಯಲಬುರ್ಗಾ ಕೂಡ ಮುಂದೆ ಎರಂಬರಗೆ ಎಂಬ ಹೆಸರಿನಲ್ಲಿ ಸಿಂದರ ರಾಜಧಾನಿಯಾಗಿತ್ತು. ಗೆರೆಯ ಎರಡು ತುದಿಗಳು ಆಗ ಅಂಚಿನ ಊರುಗಳು.

ತುದಿಗಳೆರಡೂ ಒಂದೇ ಕೈಗೆ ಬಂದದ್ದು ಹದಿನೇಳನೇ ಶತಮಾನದಲ್ಲಿ. 1638ರಲ್ಲಿ ಬಿಜಾಪುರದ ಸೇನೆ ರಣದುಲ್ಲಾ ಖಾನನ ನೇತೃತ್ವದಲ್ಲಿ ಬೆಂಗಳೂರನ್ನು ಕೆಂಪೇಗೌಡರ ವಂಶದಿಂದ ಗೆದ್ದಿತು. ಆ ಸೇನೆಯಲ್ಲಿದ್ದ ಶಹಾಜಿ ಭೋಸಲೆಯವರಿಗೆ ಬೆಂಗಳೂರು ಜಹಗೀರಾಗಿ ಸಿಕ್ಕಿತು. ಪುಣೆಯ ಜಹಗೀರು ಮೊದಲೇ ಅವರದಾಗಿತ್ತು. ಜೀಜಾಬಾಯಿ ಮತ್ತು ಶಿವಾಜಿ ಪುಣೆಯಲ್ಲಿ, ಶಹಾಜಿ ಬೆಂಗಳೂರಿನಲ್ಲಿ. 1640ರ ಸುಮಾರಿಗೆ ಬಾಲಕ ಶಿವಾಜಿ ಸ್ವಲ್ಪ ಕಾಲ ತಂದೆಯ ಬಳಿ ಬೆಂಗಳೂರಿನಲ್ಲಿ ಇದ್ದು ಪುಣೆಗೆ ಮರಳಿದರು. ಯಜಮಾನ ಬೆಂಗಳೂರಿನ ಕೆಲಸದಲ್ಲಿ, ಹೆಂಡತಿ ಮಗ ಪುಣೆಯ ಮನೆಯಲ್ಲಿ. ಇಂಥ ಸಂಸಾರ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಈಗ ಎರಡೋ ಮೂರೋ ಇವೆ. ಶಹಾಜಿ 1664ರಲ್ಲಿ ತೀರಿಕೊಂಡದ್ದು ಪುಣೆಯಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ, ದಾರಿಯ ನಡುವೆ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದರು. ಅವರ ಸಮಾಧಿ ಇವತ್ತಿಗೂ ಅಲ್ಲೇ ಇದೆ.

ಆ ಕಾಲದಲ್ಲಿ ದೂರವನ್ನು ಹರದಾರಿ, ಗಾವುದ, ಮಜಲುಗಳಲ್ಲಿ ಹೇಳುತ್ತಿದ್ದರು. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ಈ ಲೆಕ್ಕದಲ್ಲಿ ಇಂದಿನ ಹೆದ್ದಾರಿಯ ದೂರ ನೂರ ಎಪ್ಪತ್ತೈದು ಹರದಾರಿ. ಮಜಲು ಎಂದರೆ ಒಂದು ದಿನದ ನಡಿಗೆ, ರಾತ್ರಿ ತಂಗುವ ಜಾಗ. ಅದನ್ನು ಅಳೆಯುತ್ತಿದ್ದದ್ದು ನೀರು, ನೆರಳು, ಎತ್ತಿನ ಶಕ್ತಿಗಳ ಮೇಲೆ. ಎಷ್ಟು ಮಜಲು ಎಂದು ಕೇಳಿದರೆ ಎಷ್ಟು ದಿನ, ಯಾವ ಯಾವ ಊರಿನ ಮೇಲೆ ಎಂಬ ಎರಡು ಪ್ರಶ್ನೆಗೂ ಒಂದೇ ಉತ್ತರ ಸಿಗುತ್ತಿತ್ತು.

ಸಮಯದ ಖಚಿತ ಲೆಕ್ಕ ಬೇಕೆಂದರೆ 1803ಕ್ಕೆ ಬರಬೇಕು. ಯಶವಂತರಾವ್ ಹೋಳ್ಕರ್ 1802ರ ಅಕ್ಟೋಬರಿನಲ್ಲಿ ಪುಣೆಯನ್ನು ಗೆದ್ದಾಗ ಪೇಶ್ವೆ ಎರಡನೇ ಬಾಜೀರಾಯ ಓಡಿಹೋಗಿ ವಸಾಯಿಯಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡ. ಅವನನ್ನು ಮತ್ತೆ ಗಾದಿಗೆ ಕೂರಿಸಲು ಮೈಸೂರು ಕಡೆಯಿಂದ ಹೊರಟದ್ದು ಆರ್ಥರ್ ವೆಲ್ಲೆಸ್ಲಿಯ ಸೇನೆ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಮಾರ್ಚ್ 9ಕ್ಕೆ ಹರಿಹರ ಬಿಟ್ಟ ಸೇನೆ ಪುಣೆ ಮುಟ್ಟಿದ್ದು ಏಪ್ರಿಲ್ 20ಕ್ಕೆ. ನಲವತ್ತೆರಡು ದಿನ. ಊರಿಗೆ ಬೆಂಕಿ ಇಡುತ್ತಾರೆ ಎಂಬ ಸುದ್ದಿ ಕೇಳಿ ಕೊನೆಯ 60 ಮೈಲಿಯನ್ನು ಕುದುರೆ ಪಡೆಯೊಂದಿಗೆ 32 ಗಂಟೆಯಲ್ಲಿ ದಾಟಿದನಂತೆ. ಅವಸರದ ವೇಗ ಅದು. ಉಳಿದ ದಾರಿಯ ವೇಗವನ್ನು ನಿರ್ಧರಿಸಿದ್ದು ಫಿರಂಗಿ, ದವಸ ಎಳೆಯುವ ಎತ್ತು. ಮೈಸೂರಿನ ಅಮೃತಮಹಲ್ ಎತ್ತುಗಳ ನಡಿಗೆಯನ್ನು ವೆಲ್ಲೆಸ್ಲಿ ಬಹಳ ಮೆಚ್ಚಿದ್ದ. ಅಷ್ಟಾದರೂ ಸರಾಸರಿ ದಿನಕ್ಕೆ ಹದಿಮೂರು ಹದಿನಾಲ್ಕು ಕಿಲೋಮೀಟರ್. ಇವತ್ತು ಹಿಂಜವಡಿಯಿಂದ ಔಂಧ್‌ಗೆ ಬಂದಷ್ಟು.

ರೈಲು ನಿಲ್ಲುತ್ತಿದ್ದ ಕಡೆ

1871ರಲ್ಲಿ ಬೊಂಬಾಯಿ ಕಡೆಯ ರೈಲು ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಆಗ ಪುಣೆಯಿಂದ ಬೆಂಗಳೂರಿಗೆ ರೈಲಿನಲ್ಲೇ ಹೋಗುವುದು ಸಾಧ್ಯವಾಯಿತು. ಆದರೆ ಸೊಲ್ಲಾಪುರ, ರಾಯಚೂರು, ಗುಂತಕಲ್ಲು, ಅರಕ್ಕೋಣಂ, ಜೋಲಾರಪೇಟೆ ಸುತ್ತಿಕೊಂಡು ಹೋಗಬೇಕಿತ್ತು. ಮೂಗು ಮುಟ್ಟಲು ತಲೆ ಬಳಸಿ ಬಂದ ಹಾಗೆ.

ನೇರವಾದ ಹಾದಿಗೆ ಕಾರಣವಾದದ್ದು ವ್ಯಾಪಾರಕ್ಕಿಂತ ಹೆಚ್ಚಾಗಿ ಬರ. 1876–78ರ ಬರದಲ್ಲಿ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗಳಲ್ಲಿ ಲಕ್ಷಾಂತರ ಜನ ಸತ್ತರು. ಬೇರೆ ಕಡೆ ಧಾನ್ಯವಿದ್ದರೂ ಅದನ್ನು ಒಳನಾಡಿಗೆ ತರುವ ಗಾಡಿಯಿರಲಿಲ್ಲ. ಎಳೆಯುವ ಎತ್ತೇ ಮೇವಿಲ್ಲದೆ ಸತ್ತಿತ್ತು. ಇದರ ಬೆನ್ನಿಗೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದ ಹಳಿ ಬೆಂಗಳೂರಿನಿಂದ ತುಮಕೂರು ದಾಟಿ 1889ರಲ್ಲಿ ಹರಿಹರಕ್ಕೆ ಬಂತು. ಆಚೆಯಿಂದ ಪುಣೆ, ಮಿರಜ್, ಬೆಳಗಾವಿ, ಲೋಂಡಾ, ಹುಬ್ಬಳ್ಳಿ ಹಳಿಗಳು ಸೇರಿಕೊಂಡವು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ ವೆಲ್ಲೆಸ್ಲಿಯ ನಲವತ್ತೆರಡು ದಿನದ ದಾರಿಯನ್ನು ಸಾಮಾನ್ಯ ಮನುಷ್ಯ ದಿನಗಳ ಬದಲು ಗಂಟೆಗಳಲ್ಲಿ ಎಣಿಸತೊಡಗಿದ.

ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಸೇರಿಹೋದ ಮೇಲೆ ಕಚೇರಿಗೂ ಮದ್ರಾಸೇ ಊರಾಯಿತು. ಉಳಿದ ದೊಡ್ಡ ಕಟ್ಟಡದಲ್ಲಿ ಈಗ ಇರುವುದು 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು. ಅಲ್ಲಿ ಓದಿದವರು ಈ ಪತ್ರಿಕೆಯ ಓದುಗರಲ್ಲೂ ಇದ್ದೀರಿ.

ರೈಲು ವೇಗ ತಂದಿತು. ಆದರೆ ಅದು ನಿಂತು ನಿಂತು ಹೋಗುತ್ತಿತ್ತು. ಎಂಜಿನ್ನಿಗೆ ನೀರು ಬೇಕು, ಕಲ್ಲಿದ್ದಲು ಬೇಕು, ಎದುರಿನ ಗಾಡಿಗೆ ದಾರಿ ಬಿಡಬೇಕು. ಆ ನಿಲುಗಡೆಗಳು ಏನು ಮಾಡಿದವು ಎಂದು ತಿಳಿಯಬೇಕಾದರೆ ಹಿಂದೂಸ್ತಾನಿ ಸಂಗೀತದ ಕಡೆ ನೋಡಬೇಕು. ಹುಬ್ಬಳ್ಳಿ–ಧಾರವಾಡ, ಕುಂದಗೋಳ, ಬೆಳಗಾವಿ, ಮಿರಜ್, ಪುಣೆ. ಇದು ಕಿರಾನಾ ಘರಾಣೆಯ ಭೂಪಟವೂ ಹೌದು, ರೈಲ್ವೆ ಟೈಮ್‌ಟೇಬಲ್ಲೂ ಹೌದು. ಮಿರಜ್‌ನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನ್ ಸಾಹೇಬರು ಧಾರವಾಡದ ಕಡೆ ಬಂದು ಹೋಗುತ್ತಿದ್ದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಮುಂದೆ ಸವಾಯಿ ಗಂಧರ್ವರಾದರು. 1933ರಲ್ಲಿ ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ್ದೂ ರೈಲಿನಲ್ಲೇ, ಟಿಕೆಟ್ ಇಲ್ಲದೆ ಹಾಡು ಹೇಳಿಕೊಂಡು. ಅವರು ಪುಣೆಯಲ್ಲಿ ನೆಲೆಸಿ, 1953ರಲ್ಲಿ ಗುರುವಿನ ಹೆಸರಿನಲ್ಲಿ ಶುರುಮಾಡಿದ ಉತ್ಸವಕ್ಕೆ ಡಿಸೆಂಬರಿನಲ್ಲಿ ನಾವೆಲ್ಲ ಹೋಗುತ್ತೇವೆ. ನಡುವೆ ಇಳಿಯುವ ಅವಕಾಶವಿಲ್ಲದ ಗಾಡಿಯಾಗಿದ್ದರೆ ಈ ಪರಂಪರೆ ಇದೇ ರೂಪದಲ್ಲಿ ಬೆಳೆಯುತ್ತಿತ್ತೇ ಎಂಬುದು ನನ್ನ ಅನುಮಾನ.

ಬಳ್ಳಾರಿಯಲ್ಲಿ ಇಳಿದ ವಿಮಾನ

ನಮ್ಮ ನಾಡಿನಲ್ಲಿ ನಿಯಮಿತ ವಿಮಾನ ಸಂಚಾರ ಶುರುವಾದದ್ದು ಎಲ್ಲಿ? ಕ್ವಿಜ್ ಸ್ಪರ್ಧೆಯಲ್ಲಿ ಕೇಳಿದರೆ ಬೆಂಗಳೂರು ಎನ್ನುವವರೇ ಹೆಚ್ಚು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆ ಚೀಲ ಹೇರಿಕೊಂಡು ಅಹಮದಾಬಾದಿನ ಮೇಲೆ ಬೊಂಬಾಯಿಯ ಜುಹುಗೆ ಬಂದಿಳಿದರು. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಈ ಕಥೆ ಎಲ್ಲರಿಗೂ ಗೊತ್ತು. ಕಥೆಯ ಉತ್ತರಾರ್ಧ ಅಷ್ಟಾಗಿ ಗೊತ್ತಿಲ್ಲ. ಜುಹುವಿನಲ್ಲಿ ಅಂಚೆಯನ್ನು ತೆಗೆದುಕೊಂಡು ಮುಂದೆ ಹಾರಿದವನು ಜೆ.ಆರ್.ಡಿ.ಯ ಜೊತೆಗಾರ ನೆವಿಲ್ ವಿನ್ಸೆಂಟ್. ದಕ್ಷಿಣ ಆಫ್ರಿಕಾ ಮೂಲದವನು, ಬ್ರಿಟಿಷ್ ವಾಯುಪಡೆಯಲ್ಲಿ ಪೈಲಟ್ ಆಗಿದ್ದವನು, ಈ ಅಂಚೆ ಸೇವೆಯ ಯೋಜನೆಯನ್ನು ಟಾಟಾ ಕಂಪನಿಯ ಮುಂದಿಟ್ಟವನೂ ಇವನೇ. ಮದ್ರಾಸಿಗೆ ಹೋಗುವ ದಾರಿಯಲ್ಲಿ ಅವನು ಇಳಿದದ್ದು ಬಳ್ಳಾರಿಯಲ್ಲಿ.

ಬಳ್ಳಾರಿಯೇ ಏಕೆ? ಭೂಪಟದ ಮೇಲೆ ಸ್ಕೇಲು ಇಟ್ಟರೆ ಉತ್ತರ ಸಿಗುತ್ತದೆ. ಬೊಂಬಾಯಿಯಿಂದ ಮದ್ರಾಸಿಗೆ ನೇರ ದೂರ ಸುಮಾರು 1,035 ಕಿ.ಮೀ. ಬಳ್ಳಾರಿಯ ಮೇಲೆ ಹೋದರೆ 1,040. ಹೆಚ್ಚಾಗುವುದು ಐದೇ ಕಿಲೋಮೀಟರ್. ಇಷ್ಟು ದೂರ ಒಂದೇ ಉಸಿರಿಗೆ ಹಾರುವ ಶಕ್ತಿ ಆ ವಿಮಾನಕ್ಕೆ ಇರಲಿಲ್ಲ. ಗಂಟೆಗೆ 160 ಕಿ.ಮೀ. ಆಸುಪಾಸಿನ ವೇಗ ಅದರದು. ಬೊಂಬಾಯಿಯಿಂದ ಬಳ್ಳಾರಿಗೆ ಬರಲು ನಾಲ್ಕು ಗಂಟೆ ಬೇಕು. ಆಮೇಲೆ ಪೆಟ್ರೋಲ್ ಬೇಕು, ಕತ್ತಲಾದರೆ ತಂಗಬೇಕು. ಅದೂ ಒಂದು ಮಜಲೇ. ಎತ್ತಿಗೆ ನೀರು ಬೇಕಿದ್ದ ಹಾಗೆ ಎಂಜಿನ್ನಿಗೆ ಪೆಟ್ರೋಲ್. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರಲ್ಲಿ.

ಪುಣೆಯವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಜುಹುವಿನ ಮೈದಾನ ಸಮುದ್ರದ ಪಕ್ಕದ ಕೆಸರು ನೆಲ. ಮಳೆಗಾಲದಲ್ಲಿ ಭರತ ಬಂದರೆ ನೀರಿನಡಿಗೆ ಹೋಗುತ್ತಿತ್ತು. ಆದ್ದರಿಂದ ಮಳೆಗಾಲ ಬಂದಾಗ ಟಾಟಾದವರು ವಿಮಾನ, ಪೈಲಟ್, ಮೆಕ್ಯಾನಿಕ್‌ಗಳನ್ನೆಲ್ಲ ಕಟ್ಟಿಕೊಂಡು ಪುಣೆಗೆ ಬರುತ್ತಿದ್ದರು. ಇಲ್ಲಿ ಅವರಿಗೆ ಸಿಕ್ಕ ಜಾಗ ಯೆರವಡಾ ಜೈಲಿನ ಬಳಿಯ ಬಯಲು. ಜೈಲಿನ ನೆರಳಿನಲ್ಲಿ ನಮ್ಮ ವಿಮಾನ ನಿಲ್ದಾಣ ಇತ್ತೆಂದು ಜೆ.ಆರ್.ಡಿ. ಆಮೇಲೆ ನಗುತ್ತ ನೆನೆಸಿಕೊಳ್ಳುತ್ತಿದ್ದರು. ಅಂಚೆ ಸೇವೆ ಶುರುವಾಗುವ ಮೂರು ವಾರ ಮೊದಲು, ಸೆಪ್ಟೆಂಬರ್ 24ಕ್ಕೆ, ಗಾಂಧೀಜಿ ಅದೇ ಜೈಲಿನಲ್ಲಿ ಉಪವಾಸದಲ್ಲಿದ್ದಾಗ ಪುಣೆ ಒಪ್ಪಂದಕ್ಕೆ ಅಂಬೇಡ್ಕರ್ ಸಹಿ ಹಾಕಿದ್ದರು. ಆ ಜೈಲಿನ ಪಕ್ಕದ ಹುಲ್ಲಿನ ಮೇಲಿಂದ ಅಂಚೆ ವಿಮಾನಗಳು ಏಳುತ್ತಿದ್ದವು. ಪುಣೆಯನ್ನು ಕನ್ನಡದ ಊರೊಂದಕ್ಕೆ ಆಕಾಶದ ಮೇಲೆ ಕಟ್ಟಿದ ಮೊದಲ ದಾರ ಅದೇ ಇರಬೇಕು.

ಆ ದಾರದ ಮೇಲೆ ಓಡಾಡಿದ್ದು ಬಹುಪಾಲು ಕಾಗದ. ಮೊದಲ ಪೂರ್ಣ ವರ್ಷದಲ್ಲಿ ಟಾಟಾ ವಿಮಾನಗಳು 1,60,000 ಮೈಲಿ ಹಾರಿ ಸುಮಾರು ಹತ್ತು ಟನ್ ಅಂಚೆ ಸಾಗಿಸಿದವು. ಇಡೀ ವರ್ಷದಲ್ಲಿ ಹತ್ತಿದ ಪ್ರಯಾಣಿಕರು 155 ಜನ. ಇವತ್ತು ಅಷ್ಟು ಜನ ಪುಣೆಯ ಒಂದು ವಿಮಾನದಲ್ಲೇ ಕೂರುತ್ತಾರೆ. ಮನುಷ್ಯನಿಗಿಂತ ಮೊದಲು ಕಾಗದ ವೇಗವಾಗಿ ಹೋಗುವುದು ನಮಗೆ ಹೊಸದಲ್ಲ. ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿನಲ್ಲಿ ಕಟ್ಟಿದ ಅಂಚೆ ವ್ಯವಸ್ಥೆಯೂ ಹಾಗೆಯೇ ಇತ್ತು. ಓಟಗಾರ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡುತ್ತಿದ್ದ.

ಬಳ್ಳಾರಿಯ ಅದೃಷ್ಟ ಹೆಚ್ಚು ದಿನ ಬಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಅಂಚೆಯ ದಾರಿಯನ್ನು ಹೈದರಾಬಾದಿನ ಮೇಲೆ ತಿರುಗಿಸಲಾಯಿತು. ಸ್ಕೇಲು ಇಟ್ಟು ನೋಡಿದರೆ ಅದು ನೂರು ಕಿಲೋಮೀಟರಿಗೂ ಹೆಚ್ಚು ಸುತ್ತು. ಆದರೆ ಅಲ್ಲಿ ನಿಜಾಮರ ರಾಜಧಾನಿ ಇತ್ತು, ಟಿಕೆಟ್ ಕೊಳ್ಳಬಲ್ಲವರಿದ್ದರು. ಇಲ್ಲಿಂದ ಮುಂದೆ ವಿಮಾನ ಎಲ್ಲಿ ಇಳಿಯಬೇಕೆಂದು ಭೂಪಟ ಹೇಳುವುದು ನಿಂತು, ಗಿರಾಕಿ ಹೇಳುವುದು ಶುರುವಾಯಿತು.

ವಿಮಾನಕ್ಕೆ ಹತ್ತಿರ, ನಮಗೆ ದೂರ

ಎರಡೂ ತುದಿಗಳ ಹಳೆಯ ನಿಲ್ದಾಣಗಳ ಮೂಲ ಯುದ್ಧದ ಕಾಲದ್ದು. ಲೋಹೆಗಾಂವ್ ನಿಲ್ದಾಣವನ್ನು ಬ್ರಿಟಿಷ್ ವಾಯುಪಡೆ 1939ರಲ್ಲಿ ಬೊಂಬಾಯಿಯ ರಕ್ಷಣೆಗೆಂದು ಕಟ್ಟಿತು. ಅದು ಇಂದಿಗೂ ವಾಯುಪಡೆಯದೇ, ನಾವು ಅದರ ಒಂದು ಮೂಲೆಯ ಬಾಡಿಗೆದಾರರು. ಸುಖೋಯ್ ವಿಮಾನಗಳ ಅಭ್ಯಾಸ ನಡೆಯುವಾಗ ನಮ್ಮ ವಿಮಾನ ಕಾಯಬೇಕಾಗುತ್ತದೆ. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದ ಕಥೆಯಲ್ಲಿ ಈ ಕಡೆಯ ಮನುಷ್ಯನೊಬ್ಬನಿದ್ದಾನೆ. ಸೊಲ್ಲಾಪುರದಲ್ಲಿ ಹುಟ್ಟಿ ಪುಣೆಯಲ್ಲೂ ಓದಿದ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಜಾಗ, ಹಣ, ವಿದ್ಯುತ್ತು ಕೊಡಲು ಮುಂದೆ ಬಂದದ್ದು ದಿವಾನ್ ಮಿರ್ಜಾ ಇಸ್ಮಾಯಿಲ್. ಆ ಕಾರ್ಖಾನೆಯ ರನ್‌ವೇಯೇ 2008ರವರೆಗೆ ಬೆಂಗಳೂರಿನ ವಿಮಾನ ನಿಲ್ದಾಣವಾಗಿತ್ತು.

2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹಾರತೊಡಗಿದ ಮೇಲೆ ನಮ್ಮಂಥ ಸಂಬಳದಾರರು ಹಬ್ಬಕ್ಕೆ ವಿಮಾನ ಹತ್ತುವುದು ರೂಢಿಯಾಯಿತು. ನಿಲ್ದಾಣ ಸಾಲದಾಯಿತು. 2008ರ ಮೇ 24ರಿಂದ ಬೆಂಗಳೂರಿನ ನಾಗರಿಕ ವಿಮಾನಗಳು ದೇವನಹಳ್ಳಿಯಲ್ಲಿ ಇಳಿಯತೊಡಗಿದವು.

ಇದರಲ್ಲಿ ಒಂದು ತಮಾಷೆ ಇದೆ. ಲೋಹೆಗಾಂವ್‌ನಿಂದ ಎಚ್‌ಎಎಲ್ ನಿಲ್ದಾಣಕ್ಕೆ ನೇರ ದೂರ ಸುಮಾರು 740 ಕಿ.ಮೀ. ದೇವನಹಳ್ಳಿ ಊರಿನ ಉತ್ತರಕ್ಕಿರುವುದರಿಂದ ಅಲ್ಲಿಗೆ 720. ವಿಮಾನಕ್ಕೆ ಬೆಂಗಳೂರು ಇಪ್ಪತ್ತು ಕಿಲೋಮೀಟರ್ ಹತ್ತಿರವಾಯಿತು. ಒಳಗೆ ಕೂತವನಿಗೆ? ಎಂ.ಜಿ. ರಸ್ತೆಯಿಂದ ಹತ್ತು ಕಿಲೋಮೀಟರೊಳಗಿದ್ದ ನಿಲ್ದಾಣ ಮೂವತ್ತೈದು ಕಿಲೋಮೀಟರ್ ಆಚೆ ಹೋಯಿತು. ಆಕಾಶದಲ್ಲಿ ಉಳಿದದ್ದು ಒಂದೂವರೆ ಎರಡು ನಿಮಿಷ. ನೆಲದ ಮೇಲೆ ಕಳೆದದ್ದು ಮುಕ್ಕಾಲು ಗಂಟೆ, ಕೆಲವು ಸಂಜೆ ಇನ್ನೂ ಹೆಚ್ಚು.

ನನ್ನ ಒಂದು ಸೋಮವಾರದ ಲೆಕ್ಕ ಹೀಗಿದೆ. ಹಿಂಜವಡಿಯಿಂದ ಬೆಳಗಿನ ಜಾವ 3.45ಕ್ಕೆ ಕ್ಯಾಬ್. 4.40ಕ್ಕೆ ಲೋಹೆಗಾಂವ್. 6ಕ್ಕೆ ವಿಮಾನ, 7.35ಕ್ಕೆ ದೇವನಹಳ್ಳಿ. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನ ಕುರ್ಚಿ ಮುಟ್ಟುವಾಗ 10. ಒಟ್ಟು ಆರೂಕಾಲು ಗಂಟೆ. ಅದರಲ್ಲಿ ವಿಮಾನದ ಪಾಲು ತೊಂಬತ್ತೈದು ನಿಮಿಷ, ಅಂದರೆ ಕಾಲು ಭಾಗ. ಆ ತೊಂಬತ್ತೈದರಲ್ಲೂ ಒಂದು ಭಾಗ ರನ್‌ವೇ ಕಡೆ ಉರುಳುವುದು, ಸರದಿಗೆ ಕಾಯುವುದು. ವಿಮಾನ ಗೇಟು ಬಿಟ್ಟ ಕ್ಷಣದಿಂದ ಗೇಟು ಸೇರುವ ಕ್ಷಣದವರೆಗಿನ ಈ ಅವಧಿಯನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ತಡವಾಯಿತು ಎನ್ನಿಸಿಕೊಳ್ಳದಿರಲು ಕಂಪನಿಗಳು ಅದರೊಳಗೆ ಸ್ವಲ್ಪ ಹೆಚ್ಚುವರಿ ನಿಮಿಷಗಳನ್ನೂ ಸೇರಿಸುತ್ತವೆ. ನಾವು ಪ್ರಾಜೆಕ್ಟ್ ಪ್ಲಾನಿನಲ್ಲಿ ಬಫರ್ ಇಡುವುದಿಲ್ಲವೇ, ಹಾಗೆ.

ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಆಮ್ಡಾಲ್‌ನ ನಿಯಮ ನೆನಪಿರಬಹುದು. ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ ಮಾತು ಅದು. ಒಂದು ಕೆಲಸದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿ, ವೇಗಗೊಳ್ಳದ ಉಳಿದ ಭಾಗವೇ ಒಟ್ಟು ಸಮಯದ ಗಡಿಯನ್ನು ಹಾಕುತ್ತದೆ. ನನ್ನ ಲೆಕ್ಕದಲ್ಲಿ ವಿಮಾನ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೆಂಗಳೂರು ಸೇರಿದರೂ ನಾನು ಆಫೀಸು ಮುಟ್ಟಲು ನಾಲ್ಕು ಗಂಟೆ ನಲವತ್ತು ನಿಮಿಷ ಬೇಕೇ ಬೇಕು. ನನ್ನ ಸೋಮವಾರವನ್ನು ನಿರ್ಧರಿಸುವವರು ಪೈಲಟ್ ಅಲ್ಲ, ಹೆಬ್ಬಾಳದ ಫ್ಲೈಓವರ್ ಮತ್ತು ಸಿಲ್ಕ್ ಬೋರ್ಡ್ ಸಿಗ್ನಲ್.

ನಡುವಿನವರ ದೂರ

ಇಷ್ಟು ಹೇಳಿ ನಿಲ್ಲಿಸಿದರೆ ಇದು ಟ್ರಾಫಿಕ್ ಬಗ್ಗೆ ಇನ್ನೊಂದು ಗೊಣಗಾಟವಾಗುತ್ತದೆ. ನನಗೆ ಮುಖ್ಯವೆನಿಸುವುದು ಬೇರೆ.

ಎರಡು ವರ್ಷದ ಹಿಂದೆ ಊರಿನಲ್ಲಿ ದೊಡ್ಡಪ್ಪ ತೀರಿಕೊಂಡರು. ಬೆಳಗಿನ ಆರು ಗಂಟೆಗೆ ಅಣ್ಣನ ಫೋನು: “ತಮ್ಮಾ, ದೊಡ್ಡಪ್ಪ ಹ್ವಾದ್ರು. ಮಣ್ಣು ನಾಕಕ್ಕ ಅಂತ ಮಾತಾಗೇತಿ. ಯಾವಾಗ ಮುಟ್ತೀ?” ಪುಣೆಯಿಂದ ಯಲಬುರ್ಗಾ ನೇರ ಗೆರೆಯಲ್ಲಿ 400 ಕಿ.ಮೀ., ಬೆಂಗಳೂರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹುಬ್ಬಳ್ಳಿಗೆ ಅವತ್ತು ಹೊಂದುವ ವಿಮಾನವಿರಲಿಲ್ಲ. ಬೆಂಗಳೂರಿಗೆ ಹಾರಿದರೆ ಮತ್ತೆ ಅಲ್ಲಿಂದ ಎಂಟು ಗಂಟೆ ಹಿಂದಕ್ಕೆ ಬರಬೇಕು. ಉಳಿದದ್ದು ಕಾರು. ಸೊಲ್ಲಾಪುರ, ವಿಜಯಪುರ, ಇಳಕಲ್ಲು, ಕುಷ್ಟಗಿ. ಐನೂರು ಚಿಲ್ಲರೆ ಕಿಲೋಮೀಟರ್. ಇಳಕಲ್ಲು ದಾಟುವಾಗಲೇ ನಾಲ್ಕೂವರೆ ಆಗಿತ್ತು. ನಮ್ಮ ಮಂದಿ ನನಗಾಗಿ ಒಂದು ತಾಸು ಕಾದರು, ಅದಕ್ಕೂ ಹೆಚ್ಚು ಕಾಯುವುದು ಸಾಧ್ಯವಿರಲಿಲ್ಲ. ನಾನು ಹೋಗಿ ಮುಟ್ಟಿದಾಗ ಜನ ಹೊಲದಿಂದ ವಾಪಸ್ ಬರುತ್ತಿದ್ದರು. ಆ ಕಾರಿನಲ್ಲಿ ಕೂತ ಹತ್ತು ಹನ್ನೊಂದು ತಾಸಿನಲ್ಲಿ ನನ್ನ ತಲೆಯ ಮೇಲೆ ಎಷ್ಟು ಪುಣೆ–ಬೆಂಗಳೂರು ವಿಮಾನಗಳು ಹೋಗಿರಬಹುದು ಎಂಬ ಲೆಕ್ಕ ಆಮೇಲೆ ಬಹಳ ದಿನ ಕಾಡಿತು.

ಇದು ಯಾರ ತಪ್ಪೂ ಅಲ್ಲ. ವೇಗ ಹೆಚ್ಚಾಗುವುದೆಂದರೆ ನಿಲುಗಡೆ ಕಡಿಮೆಯಾಗುವುದು ಎಂಬ ಸರಳ ಲೆಕ್ಕವೇ ಹೀಗೆ ಮಾಡುತ್ತದೆ. ಪುಸ್ ಮಾತ್‌ಗೆ ಬಳ್ಳಾರಿ ಬೇಕಿತ್ತು. ಇವತ್ತಿನ ಏರ್‌ಬಸ್‌ಗೆ ಪುಣೆಯಿಂದ ದುಬೈವರೆಗೆ ಯಾರೂ ಬೇಕಾಗಿಲ್ಲ. ಎತ್ತು, ಎಂಜಿನ್, ಹಳೆಯ ವಿಮಾನಗಳ ದೌರ್ಬಲ್ಯವೇ ನಡುವಿನ ಊರುಗಳ ಬಲವಾಗಿತ್ತು. ಆ ದೌರ್ಬಲ್ಯ ಹೋದ ಮೇಲೆ ನಡುವೆ ನಿಲ್ಲಬೇಕಾದರೆ ಯಾರಾದರೂ ನಿಲ್ಲಬೇಕೆಂದು ನಿರ್ಧರಿಸಬೇಕು, ಅದಕ್ಕೆ ದುಡ್ಡು ಹಾಕಬೇಕು. ಅಂಥ ನಿರ್ಧಾರಗಳು ಅಲ್ಲಲ್ಲಿ ಆಗಿವೆ. ಸಣ್ಣ ಊರುಗಳ ವಿಮಾನಕ್ಕೆ ಸಹಾಯಧನ ಕೊಡುವ ಉಡಾನ್ ಯೋಜನೆ ಬಂತು. ಅದರಡಿ 2017ರಲ್ಲಿ ಬಳ್ಳಾರಿಯ ಬಳಿಯ ವಿದ್ಯಾನಗರಕ್ಕೆ, ಒಂದು ಉಕ್ಕಿನ ಕಾರ್ಖಾನೆಯ ಖಾಸಗಿ ನಿಲ್ದಾಣಕ್ಕೆ, ವಿಮಾನ ಬಂತು. 1932ರ ನಂತರ ಎಂಬತ್ತೈದು ವರ್ಷ! 2024ರ ಸೆಪ್ಟೆಂಬರಿನಲ್ಲಿ ಪುಣೆ–ಹುಬ್ಬಳ್ಳಿ ವಂದೇ ಭಾರತ್ ರೈಲು ಶುರುವಾಯಿತು, ಎಂಟೂವರೆ ಗಂಟೆಯ ಪ್ರಯಾಣ. ಸಾತಾರಾ, ಸಾಂಗ್ಲಿ, ಮಿರಜ್, ಬೆಳಗಾವಿ, ಧಾರವಾಡಗಳಲ್ಲಿ ಅದು ನಿಲ್ಲುತ್ತದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಸುದ್ದಿ ಬಂದದ್ದು 2025ರ ಮೇ ತಿಂಗಳಲ್ಲಿ. ಗದಗ–ವಾಡಿ ಹೊಸ ಮಾರ್ಗದ ಮೊದಲ ತುಂಡು ತಳಕಲ್ಲಿನಿಂದ ಕುಕನೂರು, ಯಲಬುರ್ಗಾಗಳ ಮೇಲೆ ಕುಷ್ಟಗಿಯವರೆಗೆ ಮುಗಿದು, ಹುಬ್ಬಳ್ಳಿಗೆ ರೈಲು ಹೊರಟಿತು. ನಮ್ಮ ಅಜ್ಜನ ಕಾಲದಿಂದ ಅರ್ಜಿ ಕೊಟ್ಟು ಕೊಟ್ಟು ಜನ ಬೇಸತ್ತಿದ್ದ ಹಳಿ. ಮೊದಲ ದಿನ ಊರಿನವರು ಹಳಿಗೆ ಕಾಯಿ ಒಡೆದು, ಎಂಜಿನ್ನಿಗೆ ಮಾಲೆ ಹಾಕಿದ ವಿಡಿಯೊವನ್ನು ಅಣ್ಣ ಕಳಿಸಿದ್ದ. ಅದರ ವೇಗ ಎಷ್ಟೆಂದು ಊರಲ್ಲಿ ಯಾರೂ ಕೇಳಿದಂತಿಲ್ಲ. ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಎಲ್ಲರೂ ಕೇಳಿದ್ದಾರೆ.

ಎರಡು ನಗರಗಳ ನಡುವಿನ ಪ್ರಯಾಣದ ಸಮಯವನ್ನು ಈಗ ಮೊಬೈಲು ಒಂದು ಸಂಖ್ಯೆಯಲ್ಲಿ ಹೇಳುತ್ತದೆ. ಅದು ಸುಳ್ಳಲ್ಲ, ಅಪೂರ್ಣ. ಎಲ್ಲಿಂದ ಎಲ್ಲಿಗೆ, ಯಾರಿಗೆ ಎಂಬುದು ಅದರಲ್ಲಿಲ್ಲ. ಹಿಂದಿನವರ ಮಜಲಿನಲ್ಲಿ ಅದು ಇತ್ತು. ಪುಣೆಯ ಕನ್ನಡಿಗರಲ್ಲಿ ಹೆಚ್ಚಿನವರು ಬೆಂಗಳೂರಿನವರಲ್ಲ. ಅಥಣಿ, ಜಮಖಂಡಿ, ಇಂಡಿ, ರೋಣ, ಸವದತ್ತಿ, ಕುಷ್ಟಗಿಗಳವರು. ಪುಣೆಯ ಎಸ್.ಪಿ. ಕಾಲೇಜಿನ ಹೆಸರಲ್ಲಿರುವ ಸರ್ ಪರಶುರಾಮಭಾವು ಕೂಡ ಜಮಖಂಡಿ ಸಂಸ್ಥಾನದವರೇ. ನಮ್ಮೂರಿನ ದೂರವನ್ನು ನಾವೇ ಅಳೆದು ಹೇಳದಿದ್ದರೆ, ಇಲ್ಲಿಂದ ಎಷ್ಟು ಜನ ಅಲ್ಲಿಗೆ ಹೋಗಿ ಬರುತ್ತೇವೆ ಎಂದು ಲೆಕ್ಕ ಕೊಡದಿದ್ದರೆ, ಯಾವ ಕಂಪನಿಯೂ ಯಾವ ಇಲಾಖೆಯೂ ತಾನಾಗಿ ಅಲ್ಲಿ ನಿಲ್ಲುವುದಿಲ್ಲ. ಹೈದರಾಬಾದಿಗೆ ಗಿರಾಕಿಗಳಿದ್ದರು ಎಂಬುದೇ ಬಳ್ಳಾರಿ ಕಲಿಸಿದ ಪಾಠ.

ಮುಂದಿನ ಸಲ ಹಗಲು ವಿಮಾನದಲ್ಲಿ ಬೆಂಗಳೂರಿಗೆ ಹೋಗುವಾಗ ಕಿಟಕಿಯ ಸೀಟು ಸಿಕ್ಕರೆ ಒಮ್ಮೆ ಕೆಳಗೆ ನೋಡಿ. ಮೋಡವಿಲ್ಲದಿದ್ದರೆ ಅರ್ಧ ದಾರಿಯ ಸುಮಾರಿಗೆ ಮಲಪ್ರಭೆಯ ತಿರುವುಗಳು ಕಾಣುತ್ತವೆ. ಅದಾದ ಹತ್ತು ನಿಮಿಷದೊಳಗೆ ದೊಡ್ಡದೊಂದು ನೀರು ಹೊಳೆಯುತ್ತದೆ, ಅದು ತುಂಗಭದ್ರಾ ಜಲಾಶಯ. ಆ ಎರಡರ ನಡುವಿನ ಕಪ್ಪು ಹೊಲಗಳಲ್ಲಿ ಯಲಬುರ್ಗಾ ಇದೆ. ನಿಮ್ಮೂರು ಆ ಗೆರೆಯಿಂದ ಎಷ್ಟು ದೂರ, ಅಲ್ಲಿಗೆ ಮುಟ್ಟಲು ಎಷ್ಟು ತಾಸು ಎಂಬುದನ್ನು ನೀವೂ ಲೆಕ್ಕ ಹಾಕಿ ಬರೆಯಿರಿ.